ಒತ್ತಿ ಕೈಬಿಟ್ಟಾಗ ಬರುವ ನೋವಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಮಕ್ಕಳ ಅಪೆಂಡಿಸೈಟಿಸ್ (ದೊಡ್ಡ ಕರುಳಿಗೆ ಅಂಟಿಕೊಂಡಿರುವ ಅಪೆಂಡಿಕ್ಸ್ ಎಂಬ ಸಣ್ಣ ಕೊಳವೆಯ ಉರಿಯೂತ) ಕುರಿತು ತಂದೆತಾಯಿಯರಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಎರಡು ಮಾತುಗಳು ನನ್ನನ್ನು ಕಾಡುತ್ತಿವೆ.

ಶಸ್ತ್ರಚಿಕಿತ್ಸಕರು ಹೊಟ್ಟೆಯ ಬಲಗಡೆ ಕೆಳಭಾಗವನ್ನು ಬೆರಳುಗಳಿಂದ ಮೆಲ್ಲಗೆ ಅದುಮಿ, ಥಟ್ಟನೆ ಕೈ ತೆಗೆಯುತ್ತಾರೆ. ಅದುಮಿದಾಗಿನದಕ್ಕಿಂತ ಕೈ ತೆಗೆದ ಕ್ಷಣದಲ್ಲಿ ನೋವು ಹೆಚ್ಚಾದರೆ ಹೊಟ್ಟೆಯ ಒಳಪೊರೆಗೂ ಉರಿಯೂತ ತಗಲಿರಬಹುದು. ಇಂಗ್ಲಿಷಿನವರಿಗೆ ಇದು ‘ರಿಬೌಂಡ್ ಟೆಂಡರ್‌ನೆಸ್’. ನಾನು ಮೊದಲು ‘ಮರುನೋವು’ ಎಂದೆ. ಕರಡು ಓದಿದವರು ವಾಸಿಯಾದ ಮೇಲೆ ಮರುಕಳಿಸುವ ನೋವು ಎಂದುಕೊಂಡರು. ‘ಬಿಟ್ಟಾಗಿನ ನೋವು’ ಎಂದು ತಿದ್ದಿದರೆ, ಅದು ಬಿಟ್ಟು ಬಿಟ್ಟು ಬರುವ ನೋವಾಗಿಬಿಟ್ಟಿತು. ಇಲ್ಲಿ ಅರ್ಥ ತಪ್ಪಬಾರದು. ಅಪೆಂಡಿಸೈಟಿಸ್ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲಕ್ಕೆ ಇಳಿದು, ಅಲ್ಲೇ ಬಿಡದೆ ಕೂರುತ್ತದೆ. ಬಿಟ್ಟು ಬಿಟ್ಟು ಬರುವುದನ್ನು ನಾವು ನುಲಿತ ಎನ್ನುತ್ತೇವೆ.

ಮಕ್ಕಳ ವಿಷಯದಲ್ಲಿ ಅನೇಕ ವೈದ್ಯರು ಹೀಗೆ ಅದುಮಿ ಬಿಡುವುದೇ ಇಲ್ಲ. ಒಮ್ಮೆ ನೊಂದ ಮಗು ಮತ್ತೆ ಹೊಟ್ಟೆ ಮುಟ್ಟಗೊಡುವುದಿಲ್ಲವಲ್ಲ! ಬದಲಿಗೆ ಕೆಮ್ಮಲು ಹೇಳುತ್ತಾರೆ; ಇಲ್ಲವೇ ಕುಂಟಾಬಿಲ್ಲೆಯಲ್ಲಿ ಮಾಡುವಂತೆ ಒಂಟಿಕಾಲಲ್ಲಿ ಕುಪ್ಪಳಿಸಲು. ಬರುವಾಗ ಆಟೊ ರಸ್ತೆಯುಬ್ಬು ಹತ್ತಿಳಿದರೆ ಮಗು ಅತ್ತಿತೇ ಎಂದು ತಾಯಿಯನ್ನು ಕೇಳುತ್ತಾರೆ. ಅಪೆಂಡಿಸೈಟಿಸ್ ಇರುವ ಸಾಧ್ಯತೆ ಎಷ್ಟೆಂದು ಅಳೆಯಲು 2002ರಲ್ಲಿ ಮಕ್ಕಳಿಗೆಂದೇ ರೂಪಿಸಿದ 10 ಅಂಕಗಳ ಅಳತೆಯಲ್ಲಿ ಈ ಕೆಮ್ಮು, ಕುಪ್ಪಳಿಕೆಯ ನೋವಿಗೆ 2 ಅಂಕ. ಆದ್ದರಿಂದ ‘ಕುಲುಕುನೋವು’ ಎಂದರೆ ಹೇಗೆ? ಮೈ ಕುಲುಕಿದರೆ ಬರುವ ನೋವು ಎಂದು ಯಾರಿಗೂ ತಿಳಿಯುತ್ತದೆ ಎನಿಸುತ್ತದೆ. ಅದುಮಿ ಬಿಟ್ಟಾಗಿನದಕ್ಕೂ ಇದು ಸಲ್ಲುತ್ತದೆಯೇ?

ಇನ್ನೊಂದು ಮಾತು ‘ಒಡೆಯುವುದು’. ಇದು ನನಗೆ ಹೆಚ್ಚು ಭಯ ಹುಟ್ಟಿಸಿದೆ. ನಮ್ಮಲ್ಲಿ ಕುರು ಒಡೆದರೆ ಸಮಾಧಾನ. ಕೀವು ಹೋಯಿತು, ಇನ್ನು ಮಾಯುತ್ತದೆ ಎಂಬ ಭಾವ. ಅಪೆಂಡಿಕ್ಸ್ ಒಡೆದರೆ ಕೀವು ಹೊರಗೆ ಹೋಗುವುದಿಲ್ಲ, ಹೊಟ್ಟೆಯೊಳಗೇ ಹರಡುತ್ತದೆ. ಆಗ ನೋವು ಸ್ವಲ್ಪ ಹೊತ್ತು ತಗ್ಗುವುದೂ ಉಂಟು, ಮಗು ಸುಮ್ಮನಾಗುತ್ತದೆ, ಮನೆಯವರು ಆಸ್ಪತ್ರೆಗೆ ಹೊರಡುವುದನ್ನು ನಿಲ್ಲಿಸುತ್ತಾರೆ. ಐದು ವರ್ಷದೊಳಗಿನವರು ತಮ್ಮ ನೋವನ್ನು ಸರಿಯಾಗಿ ಹೇಳಲಾರರು. ಅವರಲ್ಲಿ ರೋಗ ಪತ್ತೆಯಾಗುವ ಹೊತ್ತಿಗೆ ಒಡೆದಿರುವುದೇ ಹೆಚ್ಚು. ಒಡೆಯದಿದ್ದರೆ ದರ್ಶಕದ (ಹೊಟ್ಟೆಯೊಳಗೆ ನೋಡುವ ಕ್ಯಾಮೆರಾ ಕೊಳವೆ, ಲ್ಯಾಪರೊಸ್ಕೋಪ್) ಮೂಲಕ ಸಣ್ಣ ರಂಧ್ರಗಳಲ್ಲೇ ಅಪೆಂಡಿಕ್ಸನ್ನು ತೆಗೆದು, ಒಂದೆರಡು ದಿನಗಳಲ್ಲಿ ಮನೆಗೆ ಕಳುಹಿಸಬಹುದು. ಒಡೆದರೆ ದಿನಗಟ್ಟಲೆ ಡ್ರಿಪ್‌ನಲ್ಲಿ ಆಂಟಿಬಯಾಟಿಕ್, ಕೆಲವೊಮ್ಮೆ ಕೀವು ಬಸಿಯಲು ಕೊಳವೆ.

ಸದ್ಯಕ್ಕೆ ‘ತೂತುಬಿದ್ದು ಕೀವು ಒಳಗೆ ಹರಡಿದೆ’ ಎಂದು ಬರೆದಿದ್ದೇನೆ. ಒಂದೇ ಪದದಲ್ಲಿ ಈ ಅಪಾಯವನ್ನು ಹೇಳುವ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.