ಬೆಳಿಗ್ಗೆ ಹೊತ್ತು ಲೋಟಸ್ ನೋಟ್ಸ್ ತುಂಬಾ ಸ್ಲೋ: ತಪ್ಪು ಸಾಫ್ಟ್‌ವೇರಿನದಾ, ಸರ್ವರಿನದಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಮೇಲ್ ಲೋಟಸ್ ನೋಟ್ಸ್‌ನಲ್ಲಿದೆ, ಅದನ್ನು ನಡೆಸುವ ಸರ್ವರ್ ಸಾಫ್ಟ್‌ವೇರ್ ಡಾಮಿನೋ 9.0.1. ಬೆಳಿಗ್ಗೆ ಇನ್‌ಬಾಕ್ಸ್ ತೆರೆದರೆ ಕೆಳಗೆ ಎಡಮೂಲೆಯಲ್ಲಿ ಮಿಂಚಿನ ಗುರುತು ಮಿನುಗುತ್ತಲೇ ಇರುತ್ತದೆ, ಪರದೆ ಮಾತ್ರ ಅಲ್ಲಾಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸರಿಹೋಗುತ್ತದೆ. "ಈ ಹಳೇ ಸಾಫ್ಟ್‌ವೇರ್ ತೆಗೆದುಹಾಕಿ, ಬೇರೆಯದು ತನ್ನಿ" ಅಂತ ಎಲ್ಲರೂ ಬೈಯುತ್ತಿದ್ದಾರೆ. ಮ್ಯಾನೇಜ್‌ಮೆಂಟ್ ಕೂಡ ಒಪ್ಪುವ ಹಾಗಿದೆ. ಸರ್ವರ್ ನೋಡಿಕೊಳ್ಳುವ ಕೆಲಸ ಈಗತಾನೇ ನನ್ನ ಕೈಗೆ ಬಂದಿದೆ. ತಪ್ಪು ನಿಜವಾಗಿ ನೋಟ್ಸಿನದೇನಾ?

ಉತ್ತರ 1:
ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. ಜಾಸ್ತಿ ತೊಂದರೆ ಪಡುತ್ತಿರುವ ಒಬ್ಬರ ಕಂಪ್ಯೂಟರಿನಲ್ಲಿ ಅವರ ಮೇಲ್ ಫೈಲಿಗೆ ಲೋಕಲ್ ರೆಪ್ಲಿಕಾ, ಅಂದರೆ ಆ ಕಂಪ್ಯೂಟರಿನಲ್ಲೇ ಇರುವ ಪ್ರತಿ, ಮಾಡಿ. ಫೈಲ್ ಮೆನು, ರೆಪ್ಲಿಕೇಷನ್, ನ್ಯೂ ರೆಪ್ಲಿಕಾ. ಪೂರ್ತಿ ಇಳಿದ ಮೇಲೆ ಅದರಿಂದಲೇ ಇನ್‌ಬಾಕ್ಸ್ ತೆರೆದು ನೋಡಿ. ಅದೇ ಸಾಫ್ಟ್‌ವೇರ್, ಅದೇ ಮೇಲ್, ಅದೇ ಕಂಪ್ಯೂಟರ್. ಬೇಗ ತೆರೆದುಕೊಂಡರೆ ತೊಂದರೆ ಸರ್ವರಿನಲ್ಲಿದೆ, ಇಲ್ಲವೇ ನಡುವಿನ ನೆಟ್‌ವರ್ಕಿನಲ್ಲಿದೆ. ಆಗಲೂ ನಿಧಾನ ಆದರೆ, ಆಂಟಿವೈರಸ್ ಎನ್‌ಎಸ್‌ಎಫ್ ಫೈಲುಗಳನ್ನು (ನೋಟ್ಸ್ ಮೇಲ್ ಇಡುವ ಫೈಲುಗಳು) ಪ್ರತಿ ಸಲ ಸ್ಕ್ಯಾನ್ ಮಾಡುತ್ತಿದೆಯಾ ನೋಡಿ.

ಪ್ರಶ್ನೆ ಕೇಳಿದವರು:
ಲೋಕಲ್‌ನಲ್ಲಿ ಥಟ್ಟನೆ ತೆರೆಯುತ್ತದೆ! ಸರ್ವರಿನಿಂದ ತೆರೆದರೆ ಮತ್ತೆ ಅದೇ ಗೋಳು. ಮೇಲ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಓಡಿಎಸ್ 43 ಅಂತಿದೆ, ಅದೇನು? ಇನ್ನೊಂದು ವಿಷಯ. ಸರ್ವರ್ ಹ್ಯಾಂಗ್ ಆಗದಿರಲಿ ಅಂತ ದಿನಾ ರಾತ್ರಿ 2ಕ್ಕೆ ಸ್ವಲ್ಪ ಮುಂಚೆ ಇಡೀ ಮಷಿನ್ ರೀಸ್ಟಾರ್ಟ್ ಆಗುವ ಹಾಗೆ ಹಿಂದಿನವರು ಇಟ್ಟಿದ್ದಾರೆ.

ಉತ್ತರ 1:
ಆ ರೀಸ್ಟಾರ್ಟ್ ಮೇಲೆಯೇ ನನಗೆ ಅನುಮಾನ. ಡಾಮಿನೋ ಮಾಮೂಲಾಗಿ ರಾತ್ರಿ 2 ಗಂಟೆಗೆ ಅಪ್‌ಡ್ಯಾಲ್ ಅನ್ನುವ ಕೆಲಸ ಓಡಿಸುತ್ತದೆ. ವ್ಯೂಗಳ (ಮೇಲ್‌ಗಳನ್ನು ತೋರಿಸುವ ಪಟ್ಟಿಗಳ) ಇಂಡೆಕ್ಸ್ ಸರಿಮಾಡಿಡುವುದು ಅದರ ಕೆಲಸ. 2 ಗಂಟೆಗೆ ಸರ್ವರ್ ಇನ್ನೂ ಎದ್ದಿರದಿದ್ದರೆ ಆ ರಾತ್ರಿಯ ಸರದಿ ತಪ್ಪಿಹೋಯಿತು. ಬೆಳಿಗ್ಗೆ ಬಂದವರು ಇಂಡೆಕ್ಸ್ ಆಗುವವರೆಗೆ ಕಾಯಬೇಕು. ಅದರ ಜೊತೆಗೆ, ಡಾಮಿನೋವನ್ನು ಸರಿಯಾಗಿ ಕ್ವಿಟ್ ಮಾಡದೆ ಮಷಿನ್ ರೀಸ್ಟಾರ್ಟ್ ಮಾಡಿದರೆ, ಟ್ರಾನ್ಸಾಕ್ಷನ್ ಲಾಗಿಂಗ್ (ಪ್ರತಿ ಬದಲಾವಣೆಯನ್ನೂ ಬೇರೆ ಕಡೆ ದಾಖಲಿಸಿಡುವುದು) ಇಲ್ಲದ ಕಡೆ, ಫೈಲ್ ರಿಪೇರಿ ಮಾಡುವ ಫಿಕ್ಸಪ್, ಆಗ ತೆರೆದಿದ್ದ ಫೈಲುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಕೂರುತ್ತದೆ. ಮಧ್ಯಾಹ್ನಕ್ಕೆ ಸರಿಹೋಗುವುದು ಇದಕ್ಕೇ ಇರಬೇಕು.

ಓಡಿಎಸ್ ಅಂದರೆ ಡಿಸ್ಕಿನಲ್ಲಿ ಫೈಲ್ ಇರುವ ರೀತಿ. 43 ಅನ್ನುವುದು ನೋಟ್ಸ್ 6, 7ರ ಕಾಲದ್ದು. ಸರ್ವರನ್ನು 9ಕ್ಕೆ ಏರಿಸಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಸರ್ವರಿನ ಸೆಟ್ಟಿಂಗ್‌ಗಳಿರುವ ನೋಟ್ಸ್ ಡಾಟ್ ಐಎನ್‌ಐ ಫೈಲಿನಲ್ಲಿ ಕ್ರಿಯೇಟ್_ಆರ್9_ಡೇಟಾಬೇಸಸ್=1 ಅನ್ನುವ ಸಾಲು ಸೇರಿಸಿ, ಕಾಪಿ ಸ್ಟೈಲ್ ಕಾಂಪ್ಯಾಕ್ಟ್ (ಫೈಲನ್ನು ಹೊಸದಾಗಿ ಬರೆದು ಒತ್ತಾಗಿಸುವುದು) ಮಾಡಿದರೆ 52 ಆಗುತ್ತದೆ. ಆ ಸಾಲನ್ನು ಯಾರೂ ಹಾಕಿಲ್ಲ, ಇಲ್ಲವೇ ಹಾಕಿದ ಮೇಲೆ ಕಾಂಪ್ಯಾಕ್ಟ್ ಮಾಡಿಲ್ಲ ಅನ್ನುವುದು ನಿಮ್ಮ ಫೈಲ್ ನೋಡಿದರೇ ಗೊತ್ತಾಗುತ್ತದೆ.

ಜನ ಸುಮ್ನೆ ದೂರುತ್ತಿಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ. ಅವರ ಕಣ್ಣಿಗೆ ಬೀಳುವುದು ನೋಟ್ಸ್ ಒಂದೇ. ರಾತ್ರಿ ಯಾವ ಕೆಲಸ ತಪ್ಪಿತು ಅಂತ ಅವರಿಗೆ ಹೇಳುವವರು ಯಾರು? ಕಾಯಿಸುವ ಪರದೆಯ ಮೇಲೆ ಯಾವ ಹೆಸರಿದೆಯೋ ಅದಕ್ಕೇ ಬೈಗುಳ. "ಆ ಸಾಫ್ಟ್‌ವೇರೇ ಹಾಗೆ" ಅಂದುಬಿಟ್ಟರೆ ಐಟಿಯವರಿಗೂ ಲಾಗ್ ತೆರೆದು ನೋಡುವ ಕೆಲಸ ತಪ್ಪಿತು. ನನಗೆ ಸಿಟ್ಟು ಬರುವುದು ಇಲ್ಲೇ. ಸೆಟ್ಟಿಂಗ್ ಒಂದನ್ನು ಯಾರೂ ನೋಡದ್ದಕ್ಕೆ ಇಡೀ ಆಫೀಸಿನ ಬೆಳಗಿನ ಕೆಲಸ ದಿನಾ ಹಾಳಾಗುತ್ತದೆ. ಇದೇ ಕೈಗಳು ಹೊಸ ಸಾಫ್ಟ್‌ವೇರನ್ನೂ ಹೀಗೇ ನೋಡಿಕೊಂಡರೆ, ಎರಡು ವರ್ಷಕ್ಕೆ ಅದರ ಮೇಲೂ ಇದೇ ದೂರು.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ನೋಟ್ಸಿನ ಪರ ಪೂರ್ತಿ ನಿಲ್ಲಲು ನನಗಾಗುವುದಿಲ್ಲ. ಬೇರೆ ಕಡೆ ಎಫ್5 ಒತ್ತಿದರೆ ರಿಫ್ರೆಶ್ ಆಗುತ್ತದೆ. ನೋಟ್ಸಿನ ಹಳೇ ಆವೃತ್ತಿಗಳಲ್ಲಿ ಎಫ್5 ಒತ್ತಿದರೆ ಪರದೆ ಲಾಕ್ ಆಗಿ ಪಾಸ್‌ವರ್ಡ್ ಕೇಳುತ್ತದೆ, ರಿಫ್ರೆಶ್‌ಗೆ ಎಫ್9 ಬೇಕು. ಇನ್‌ಬಾಕ್ಸ್ ನಿಧಾನ ಅಂತ ಎಫ್5 ಒತ್ತಿದವರನ್ನು ಹೊರಗೆ ಹಾಕಿದರೆ ಅವರಿಗೆ ಹೇಗನಿಸಬೇಡ? ಈ ದೂರು ಸಾಫ್ಟ್‌ವೇರಿಗೇ ಸೇರಬೇಕು. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಮ್ಯಾನೇಜ್‌ಮೆಂಟ್ ಮುಂದೆ ಮಾತಾಡುವಾಗ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ರಾತ್ರಿಯ ರೀಸ್ಟಾರ್ಟ್ ತೆಗೆದೆ. ಅಪ್‌ಡ್ಯಾಲ್ ಮುಗಿದದ್ದು ಲಾಗ್‌ನಲ್ಲಿ ಕಾಣುತ್ತಿದೆ. ಬೆಳಿಗ್ಗೆ ದೊಡ್ಡ ಇನ್‌ಬಾಕ್ಸ್‌ಗಳೂ ತಕ್ಷಣ ತೆರೆದವು. ಎಫ್5, ಎಫ್9 ವಿಷಯ ಎಲ್ಲರಿಗೂ ಮೇಲ್ ಮಾಡಿದ್ದೇನೆ. ಕಾಂಪ್ಯಾಕ್ಟ್ ಇನ್ನೂ ಮಾಡಿಲ್ಲ, ಎಲ್ಲ ಫೈಲಿಗೂ ಒಟ್ಟಿಗೆ ಮಾಡಬಹುದಾ?

ಉತ್ತರ 1:
ಬೇಡ. ಕಾಪಿ ಸ್ಟೈಲ್‌ನಲ್ಲಿ ಫೈಲಿನ ಇನ್ನೊಂದು ಪ್ರತಿ ತಯಾರಾಗುತ್ತದೆ, ಹಾಗಾಗಿ ಡಿಸ್ಕಿನಲ್ಲಿ ಜಾಗ ಬೇಕು. ಅಷ್ಟು ಹೊತ್ತು ಆ ಮೇಲ್ ಬಳಸಲೂ ಆಗುವುದಿಲ್ಲ. ಮೊದಲು ಬ್ಯಾಕಪ್ ತೆಗೆದು, ನಿಮ್ಮದೇ ಮೇಲ್ ಫೈಲಿನ ಮೇಲೆ ಮಾಡಿ ನೋಡಿ. ಆಮೇಲೆ ರಜೆಯ ದಿನ ಒಂದೊಂದೇ ವಿಭಾಗದ್ದು ಮಾಡಿ. ನಿಮ್ಮ ಆವೃತ್ತಿಯಲ್ಲಿ ಡಿಬಿಎಂಟಿ ಅನ್ನುವ ಟೂಲ್ ಇದೆ, ಕಾಂಪ್ಯಾಕ್ಟ್ ಮತ್ತು ಅಪ್‌ಡ್ಯಾಲ್ ಎರಡನ್ನೂ ಅದೇ ನಡೆಸುತ್ತದೆ. ಅದನ್ನು ಪ್ರೋಗ್ರಾಂ ಡಾಕ್ಯುಮೆಂಟ್‌ನಲ್ಲಿ (ಯಾವ ಕೆಲಸ ಯಾವಾಗ ಓಡಬೇಕು ಅಂತ ಸರ್ವರಿಗೆ ಹೇಳುವ ದಾಖಲೆ) ಹಾಕಿಡಿ. ಬ್ಯಾಕಪ್ ನಡೆಯುವ ಹೊತ್ತಿಗೆ ಬೀಳದ ಹಾಗೆ ಸಮಯ ಕೊಡಿ.