ಕಾರಿನ ಟೈಮಿಂಗ್ ‘ಮುಂದೆ’ ಇದೆ ಎಂದರೆ ಕಿಡಿ ಬೇಗವೋ, ತಡವೋ?

ಮಾನ್ಯರೇ,

ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಡರ್ ಮುಂತಾದ ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಟೈಮಿಂಗ್ (ಪೆಟ್ರೋಲು ಹೊತ್ತಿಸುವ ಕಿಡಿ ಹಾರುವ ಸಮಯ) ತಪ್ಪಿದಾಗ ದೋಷವನ್ನು ಪತ್ತೆಹಚ್ಚುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಕಿಡಿಯ ವಿದ್ಯುತ್ತನ್ನು ಹಂಚುವ ಭಾಗ), ಅದರ ಪಾಯಿಂಟ್ (ತೆರೆದಾಗ ಕಿಡಿ ಹಾರಿಸುವ ಸ್ವಿಚ್ಚು), ಕಂಡೆನ್ಸರ್, ರೋಟರ್ (ಒಳಗೆ ತಿರುಗುತ್ತ ವಿದ್ಯುತ್ತನ್ನು ಹಂಚುವ ತುಂಡು) ಎಂಬ ಹೆಸರುಗಳನ್ನು ಗ್ಯಾರೇಜಿನಲ್ಲಿ ಇರುವಂತೆಯೇ ಉಳಿಸಿಕೊಂಡಿದ್ದೇನೆ. ಹೊಸ ಹೆಸರು ಕಟ್ಟಿದರೆ ಬಿಡಿಭಾಗದ ಅಂಗಡಿಯವನೂ ತಲೆ ಕೆರೆದುಕೊಳ್ಳುತ್ತಾನೆ. ನನ್ನ ತೊಡಕಿರುವುದು ‘ಮುಂದೆ’, ‘ಹಿಂದೆ’ ಎಂಬ ನಮ್ಮವೇ ಮಾತುಗಳಲ್ಲಿ.

ಪಿಸ್ಟನ್ ಸಿಲಿಂಡರಿನ ಮೇಲ್ತುದಿ ಮುಟ್ಟಿದ ಮೇಲೆ ಕಿಡಿ ಹಾರಿದರೆ ಸಾಲದು. ಪೆಟ್ರೋಲು ಬೆರೆತ ಗಾಳಿ ಪೂರ್ತಿ ಹೊತ್ತಿಕೊಳ್ಳಲು ತುಸು ಕಾಲ ಹಿಡಿಯುವುದರಿಂದ ಕಿಡಿ ಕೆಲವು ಡಿಗ್ರಿ ಮೊದಲೇ ಹಾರಬೇಕು. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) 10 ಡಿಗ್ರಿ ಸರಿಯಲು ಸುಮಾರು 2 ಮಿಲಿಸೆಕೆಂಡ್ ಬೇಕು, 3000 ಸುತ್ತಿನಲ್ಲಿ ಅರ್ಧ ಮಿಲಿಸೆಕೆಂಡಿಗಿಂತ ಕೊಂಚ ಹೆಚ್ಚು ಸಾಕು. ಆದ್ದರಿಂದಲೇ ವೇಗ ಏರಿದಂತೆ ಡಿಸ್ಟ್ರಿಬ್ಯೂಟರಿನ ಒಳಗಿನ ಎರಡು ತೂಕಗಳು ಹೊರಕ್ಕೆ ಸರಿದು ಕಿಡಿಯನ್ನು ಇನ್ನಷ್ಟು ಬೇಗ ಹಾರಿಸುತ್ತವೆ.

ಕಿಡಿ ಅತಿ ಬೇಗವಾದರೆ ಘಾಟಿ ಹತ್ತುವಾಗ ಎಂಜಿನ್ ಕಟಕಟ ಎನ್ನುತ್ತದೆ, ಕೆಲವೊಮ್ಮೆ ಸ್ಟಾರ್ಟ್ ಮಾಡುವಾಗಲೇ ಹಿಂದಕ್ಕೆ ಒದೆಯುತ್ತದೆ. ತಡವಾದರೆ ಪಿಕಪ್ ಇರುವುದಿಲ್ಲ, ಎಂಜಿನ್ ಬಿಸಿಯೇರುತ್ತದೆ, ಸೈಲೆನ್ಸರ್‌ನಲ್ಲಿ ಪಟ್ ಎಂಬ ಸದ್ದು ಬರುತ್ತದೆ. ನಾನು ಕೇಳಿರುವ ಮೆಕ್ಯಾನಿಕ್‌ಗಳು ಮೊದಲನೆಯದನ್ನು ‘ಟೈಮಿಂಗ್ ಮುಂದೆ ಇದೆ’ ಎಂದೂ ಎರಡನೆಯದನ್ನು ‘ಹಿಂದೆ ಇದೆ’ ಎಂದೂ ಹೇಳುತ್ತಾರೆ. ಗಡಿಯಾರ ಐದು ನಿಮಿಷ ಮುಂದಿದೆ ಎನ್ನುವ ಬಳಕೆಗೆ ಇದು ಹೊಂದುತ್ತದೆ. ಆದರೆ ಪರೀಕ್ಷೆಯನ್ನು ಮುಂದಕ್ಕೆ ಹಾಕಿದರು ಎಂದರೆ ಅದು ತಡವಾಯಿತೆಂದೇ ಅರ್ಥ. ‘ಮುಂದೂಡು’ ಎಂಬುದಕ್ಕಂತೂ ಬೇರೆ ಅರ್ಥವೇ ಇಲ್ಲ. ಹೀಗಿರುವಾಗ ‘ಟೈಮಿಂಗನ್ನು ತುಸು ಮುಂದಕ್ಕೆ ಹಾಕಿ’ ಎಂದು ಬರೆದರೆ, ಗ್ಯಾರೇಜಿನ ಮಾತು ಕೇಳದೆ ಪುಸ್ತಕದಿಂದ ಕಲಿಯುವವನು ಕಿಡಿಯನ್ನು ತಡಮಾಡಬೇಕೆಂದು ಓದಿಕೊಂಡರೆ ಅದು ಅವನ ತಪ್ಪಲ್ಲ.

ಗೊಂದಲ ಇಲ್ಲಿಗೇ ನಿಲ್ಲುವುದಿಲ್ಲ. ಟೈಮಿಂಗ್ ಸರಿಪಡಿಸಲು ಕ್ಲ್ಯಾಂಪನ್ನು ಸಡಿಲಿಸಿ ಡಿಸ್ಟ್ರಿಬ್ಯೂಟರಿನ ಮೈಯನ್ನು ಕೈಯಿಂದ ತುಸು ತಿರುಗಿಸಬೇಕು. ಮೈಯನ್ನು ರೋಟರ್ ತಿರುಗುವ ದಿಕ್ಕಿಗೇ ತಿರುಗಿಸಿದರೆ ಕ್ಯಾಮ್ (ರೋಟರ್ ಜೊತೆ ತಿರುಗುತ್ತ ಪಾಯಿಂಟನ್ನು ತೆರೆಯುವ ಉಬ್ಬು) ಪಾಯಿಂಟನ್ನು ತಲುಪುವುದು ನಿಧಾನವಾಗಿ ಕಿಡಿ ತಡವಾಗುತ್ತದೆ, ಎದುರು ದಿಕ್ಕಿಗೆ ತಿರುಗಿಸಿದರೆ ಬೇಗವಾಗುತ್ತದೆ. ಅಂದರೆ ಕೈ ಮುಂದಕ್ಕೆ ಹೋದಾಗ ಗ್ಯಾರೇಜಿನ ಲೆಕ್ಕದಲ್ಲಿ ಟೈಮಿಂಗ್ ಹಿಂದಕ್ಕೆ ಬರುತ್ತದೆ! ಒಂದೇ ವಾಕ್ಯವೃಂದದಲ್ಲಿ ಎರಡೂ ‘ಮುಂದೆ’ಗಳು ಬಂದರೆ, ಕಟಕಟ ಸದ್ದನ್ನು ನಿಲ್ಲಿಸಲು ಹೊರಟವನು ಅದನ್ನು ಹೆಚ್ಚಿಸಿ ಪಿಸ್ಟನ್ನಿಗೇ ಕುತ್ತು ತಂದುಕೊಳ್ಳಬಹುದು.

ಪಾಯಿಂಟ್ ಗ್ಯಾಪಿನ (ಪಾಯಿಂಟ್ ತೆರೆದಾಗ ಉಳಿಯುವ ಸಂದಿನ) ಭಾಗವನ್ನು ಬರೆಯುವಾಗ ಮಾತ್ರ ಈ ತೊಂದರೆ ಬರಲಿಲ್ಲ. ‘ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ಬಿಡುತ್ತದೆ, ಕ್ಯಾಮಿಗೆ ಉಜ್ಜುವ ಹಿಮ್ಮಡಿ ಸವೆದು ಗ್ಯಾಪ್ ಕುಗ್ಗಿದರೆ ತಡವಾಗಿ ಬಿಡುತ್ತದೆ, ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್’ ಎಂದು ಬರೆದೆ, ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಹಾಗಾಗಿ ಕ್ರಿಯೆಯನ್ನು ಹೇಳುವಲ್ಲೆಲ್ಲ ‘ಬೇಗ’, ‘ತಡ’ಗಳನ್ನೇ ಬಳಸಿ, ‘ಮುಂದೆ’, ‘ಹಿಂದೆ’ಗಳನ್ನು ಮೆಕ್ಯಾನಿಕ್‌ಗಳ ಮಾತೆಂದು ಒಂದೇ ಕಡೆ ವಿವರಿಸಿ ಬಿಡುವುದು ಲೇಸೆಂದು ನನಗೆ ತೋರುತ್ತದೆ.

ಉಳಿದಿರುವುದು ನಾಮಪದದ ಪ್ರಶ್ನೆ. ತುದಿಗೆ ಮೊದಲು ಕಿಡಿ ಹಾರುವ ಆ 10 ಡಿಗ್ರಿಯ ಅಂತರವನ್ನು ಏನೆಂದು ಕರೆಯೋಣ? ‘ಮುಂಗಡ’ ಎಂದರೆ ಬಾಡಿಗೆ ಮನೆಯ ಮಾಲೀಕರೇ ನೆನಪಾಗುತ್ತಾರೆ. ‘ಮುಂಚಿತ ಕೋನ’ ಸರಿಯಾದರೂ ಪಠ್ಯಪುಸ್ತಕದ ಬಿಗಿ ಬಿಟ್ಟಿಲ್ಲ. ‘10 ಡಿಗ್ರಿ ಮುಂಚೆ’ ಎಂಬುದನ್ನೇ ಹೆಸರಿನಂತೆ ಬಳಸಿ, ‘ಈ ಎಂಜಿನ್ನಿಗೆ ಮುಂಚೆ ಎಷ್ಟು?’ ಎಂದು ಕೇಳುವುದು ಕನ್ನಡದ ಕಿವಿಗೆ ಒಗ್ಗುತ್ತದೆಯೇ? ಧಾರವಾಡ, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ‘ಲಗೂ’ (ಬೇಗ) ಎಂಬಂಥ ಮಾತೇನಾದರೂ ಇದೆಯೇ? ಪಂಪ್‌ಸೆಟ್ ರಿಪೇರಿಯವರ ಬಾಯಲ್ಲಿ ಬೇರೆ ಪದ ಕೇಳಿದವರಿದ್ದರೆ, ಅವರು ಅದನ್ನು ಬಳಸಿದ ಇಡೀ ವಾಕ್ಯವನ್ನೇ ತಿಳಿಸಬೇಕೆಂದು ಕೋರುತ್ತೇನೆ. ಬಿಡಿ ಪದವೊಂದರಿಂದ ಕಿಡಿ ಬೇಗವೋ ತಡವೋ ಎಂಬುದು ಗೊತ್ತಾಗುವುದಿಲ್ಲ.