ಎಲ್ ಕಡ್ಡಿ, ತೆಂಗಿನಕಾಯಿ ಬೋರ್ ಪಾಯಿಂಟ್: ತಕರಾರಿಲ್ಲದಂತೆ ಪರೀಕ್ಷೆ ಮಾಡೋದು ಹೇಗೆ?

ಬೆಳ್ಳೂರು_ಹೊಲ:
ನಾಗಮಂಗಲ ಕಡೆ ಪಾಯಿಂಟ್ ಮಾಡೋರನ್ನ, ಅಂದರೆ ಕಡ್ಡಿ, ತೆಂಗಿನಕಾಯಿ ಹಿಡಿದು ಬೋರ್‌ಗೆ ನೀರಿನ ಜಾಗ ತೋರಿಸೋರನ್ನ, ಕರೆಸದೆ ಯಾರೂ ಬೋರ್ ಕೊರೆಯೋ ರಿಗ್‌ಗೆ ಫೋನ್ ಮಾಡಲ್ಲ. ತಾಮ್ರದ ಎಲ್ ಕಡ್ಡಿ ಕಣ್ಣೆದುರೇ ಅಡ್ಡ ಬೀಳುತ್ತೆ, ಕೈ ಅಲ್ಲಾಡಿದ್ದು ಕಾಣಲ್ಲ. ಹೈಸ್ಕೂಲ್ ಮೈದಾನದಲ್ಲಿ ಒಂದು ಪರೀಕ್ಷೆ ಇಡೋಣ ಅಂತಿದೀವಿ, ಪಾಯಿಂಟ್ ಮಾಡೋರೂ ಒಪ್ಪಿದ್ದಾರೆ. ಹೇಗೆ ಮಾಡೋದು? ಕಡ್ಡಿ ತಿರುಗೋದಾದರೂ ಯಾಕೆ?

ಜಲಶಿಲೆ:
ಕಡ್ಡಿ ತಿರುಗೋದು ನಿಜ. ತಿರುಗಿಸೋದು ಮಣಿಕಟ್ಟು. ಗಿಡ್ಡ ತುಂಡು ಮುಷ್ಟಿಯಲ್ಲಿ ನೆಟ್ಟಗಿದ್ದಾಗ ಉದ್ದ ತುಂಡು ಯಾವ ಕಡೆಗಾದರೂ ನಿಲ್ಲಬಹುದು. ಮುಷ್ಟಿ ಒಂದೆರಡು ಡಿಗ್ರಿ ವಾಲಿದರೆ ಸಾಕು, ತಗ್ಗಿನ ಕಡೆಗೆ ತೂಗಿಬಿಡುತ್ತೆ. ಹಿಡಿಗೆ ಪೆನ್ನಿನ ಕೊಳವೆ ಹಾಕಿ ‘ನೋಡಿ, ಕೈಯೇ ತಾಗ್ತಿಲ್ಲ’ ಅಂತಾರಲ್ಲ, ಅದರಿಂದ ಘರ್ಷಣೆ ಕಮ್ಮಿಯಾಗಿ ಇನ್ನೂ ಸಲೀಸಾಗಿ ತಿರುಗುತ್ತೆ. ಬೇವಿನ ಕವಲು ಕಡ್ಡಿಯನ್ನ ಹೊರಕ್ಕೆ ಬಗ್ಗಿಸಿ ಹಿಡಿದಾಗ ಬಿಗಿ ತುಂಬಿರುತ್ತೆ. ಕೈ ಚೂರು ಹೊರಳಿದರೆ ಪಟ್ಟನೆ ಬಾಗುತ್ತೆ, ಹಿಡಿದವರಿಗೇ ಯಾರೋ ಎಳೆದ ಹಾಗೆ ಅನ್ನಿಸುತ್ತೆ. ತೆಂಗಿನಕಾಯಿಯೂ ಅಷ್ಟೆ, ಅಂಗೈ ಮೇಲೆ ಅಡ್ಡ ಮಲಗಿರೋದೇ ಅಳ್ಳಕದಲ್ಲಿ.

ಅವರು ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ನಿರೀಕ್ಷೆ ಇದ್ದ ಕಡೆ ಸ್ನಾಯು ಗೊತ್ತಿಲ್ಲದೆ ಮಿಡಿಯುತ್ತೆ. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಇದನ್ನ ಐಡಿಯೋಮೋಟರ್ ಅಂತ ಕರೆದರು. ಅದೇ ಕಡ್ಡಿಯನ್ನ ಬೇರಿಂಗ್‌ನಲ್ಲಿ ಕೂರಿಸಿ, ಸ್ಟ್ಯಾಂಡಿಗೆ ಬಿಗಿದು, ರಸಮಟ್ಟ ಹಿಡಿದು, ನೀರು ಹರಿಯೋ ಪೈಪ್ ಮೇಲಿಡಿ. ಗಾಳಿ ಇಲ್ಲದಿದ್ದರೆ ಕದಲಲ್ಲ.

ಲೆಕ್ಕದ_ಮೇಷ್ಟ್ರು:
ಮುಚ್ಚಳವಿರೋ ಒಂದೇ ಥರದ 10 ಬಕೆಟ್, 20 ಲೀಟರಿನವು. ಒಂದರಲ್ಲಿ ನೀರು, ಒಂಬತ್ತರಲ್ಲಿ ಒಣ ಮರಳು. ಹಿಂದಿನ ರಾತ್ರಿಯೇ ತುಂಬಿಸಿಡಿ, ತಣ್ಣಗಿನ ನೀರಾದರೆ ಹೊರಗೆ ಬೆವರುತ್ತೆ. ಹಲಗೆ ಮೇಲಿಟ್ಟು ರಟ್ಟಿನ ಡಬ್ಬ ಕವುಚಿ, ಇಲ್ಲದಿದ್ದರೆ ನೆಲದ ಒದ್ದೆ ಗುರುತೇ ಉತ್ತರ ಹೇಳಿಬಿಡುತ್ತೆ.

ನೀರಿನ ಬಕೆಟ್ ಎಲ್ಲಿಡಬೇಕು ಅಂತ ಪ್ರತಿ ಸುತ್ತಿಗೂ ಚೀಟಿ ಎತ್ತಿ, ಎತ್ತಿದ ಚೀಟಿ ವಾಪಸ್ ಹಾಕಿ. ‘ಹೋದ ಸಲ 3 ಬಂತು, ಈ ಸಲ ಬೇಡ’ ಅಂತ ಮನಸ್ಸಿನಿಂದ ಆರಿಸಿದರೆ ಕೆಟ್ಟಿತು. ಇಟ್ಟವರು ಮೈದಾನ ಬಿಟ್ಟು ಹೋಗಬೇಕು, ಕಡ್ಡಿ ಹಿಡಿದವರ ಜೊತೆ ನಿಂತು ಬರೆಯೋರಿಗೆ ಜಾಗ ಗೊತ್ತಿರಬಾರದು. ಪರೀಕ್ಷೆ ಹಾಳಾಗೋದು ಹೆಚ್ಚಾಗಿ ಇಲ್ಲೇ, ಗೊತ್ತಿದ್ದವರ ಮುಖ, ಕಾಲು ಸುಮ್ಮನಿರಲ್ಲ.

ಶುರುವಿಗೆ ಒಂದು ತೆರೆದ ಸುತ್ತು ಮಾಡಿ. ನೀರಿರೋ ಬಕೆಟ್ ತೋರಿಸಿ, ಕಡ್ಡಿ ತಿರುಗಿತೇ ನೋಡಿ, ‘ಜಾಗ ಸರಿಯಿದೆ, ನಿಂತ ನೀರನ್ನೂ ಹಿಡಿಯುತ್ತೆ’ ಅಂತ ಸಹಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಸೋತ ಮೇಲೆ ಕರೆಂಟ್ ತಂತಿ, ಅಮಾವಾಸ್ಯೆ ಎಲ್ಲ ಬರುತ್ತೆ. ಹರಿಯೋ ನೀರೇ ಬೇಕು ಅಂದರೆ ಹೂತ ಪೈಪಿಗೆ ವಾಲ್ವ್ ಹಾಕಿ, ಆದರೆ ಮೋಟರ್ ಸದ್ದು ಕೇಳಿಸಬಾರದು.

10 ಸುತ್ತಿನಲ್ಲಿ ಬರೀ ಅದೃಷ್ಟಕ್ಕೆ ಸರಾಸರಿ 1 ಸರಿ. 4 ಅಥವಾ ಹೆಚ್ಚು ಬರೋದು ಸುಮಾರು 78ಕ್ಕೆ ಒಂದು ಸಲ, 5 ಅಥವಾ ಹೆಚ್ಚು ಸುಮಾರು 600ಕ್ಕೆ ಒಂದು ಸಲ. ಗೆಲುವಿಗೆ 5 ಅಂತ ಮೊದಲೇ ಬರೆದಿಡಿ. ಪಕ್ಕದ ಬಕೆಟ್ಟಿಗೆ ಅರ್ಧ ಅಂಕ ಇಲ್ಲ.

ಒಳದನಿ:
ಜರ್ಮನಿಯ ಮ್ಯೂನಿಕ್ ಬಳಿ 1987-88ರಲ್ಲಿ ಭೌತವಿಜ್ಞಾನಿಗಳೇ ಪರೀಕ್ಷಿಸಿ, ಕೆಲವರಿಗೆ ಈ ಶಕ್ತಿ ಇದೆ ಅಂದರಲ್ಲ? ಸೂಕ್ಷ್ಮ ಶಕ್ತಿಯನ್ನ ಬಕೆಟ್ಟಿನಲ್ಲಿ ಅಳೆಯಕ್ಕಾಗುತ್ತಾ ಸಾರ್?

ಲೆಕ್ಕದ_ಮೇಷ್ಟ್ರು:
ಅದು ಒಳ್ಳೆ ಪ್ರಯೋಗವೇ. ಕೊಟ್ಟಿಗೆಯ ಕೆಳಗೆ 10 ಮೀಟರ್ ಗೆರೆ ಮೇಲೆ ಪೈಪ್ ಸರಿಸೋದು, ಅಟ್ಟದ ಮೇಲಿಂದ ಜಾಗ ಹೇಳೋದು. 43 ಜನ, 843 ಸುತ್ತು. ಎಡವಟ್ಟಾಗಿದ್ದು ಫಲಿತಾಂಶ ಓದಿದ ರೀತಿಯಲ್ಲಿ. ನೂರಾರು ಸುತ್ತಿನಲ್ಲಿ ಚೆನ್ನಾಗಿ ಬಂದ ಕೆಲವನ್ನ ಎತ್ತಿ ತೋರಿಸಿದರು. ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್ 1999ರಲ್ಲಿ ಅದೇ ಅಂಕಿಗಳನ್ನ ಮತ್ತೆ ಜರಡಿ ಹಿಡಿದಾಗ, ಒಂದು ಸಲ ಗೆದ್ದವರು ಮುಂದಿನ ಸಲ ಗೆದ್ದಿರಲಿಲ್ಲ. ಶಕ್ತಿ ಎಷ್ಟೇ ಸೂಕ್ಷ್ಮವಾಗಿರಲಿ, ಕಡ್ಡಿ ತಿರುಗಿಸುವಷ್ಟಿದ್ದರೆ ಎಣಿಕೆಗೆ ಸಿಗಬೇಕು.

ಜಲಶಿಲೆ:
ಬೋರ್‌ನಲ್ಲಿ ನೀರು ಬಂದಿದ್ದನ್ನೇ ಸಾಕ್ಷಿ ಮಾಡಬೇಡಿ. ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಬಸಿನೀರು ಇರೋದರಿಂದ ಯಾರು ತೋರಿಸಿದ ಪಾಯಿಂಟೂ ಸಾಮಾನ್ಯವಾಗಿ ಗೆಲ್ಲುತ್ತೆ. ನಾಗಮಂಗಲದ ಗಟ್ಟಿ ಕಲ್ಲಿನಲ್ಲಿ ನೀರಿರೋದು ಶಿಥಿಲ ಪದರ, ಬಿರುಕುಗಳಲ್ಲಿ ಮಾತ್ರ.

ನೆಲಕ್ಕೆ ಕರೆಂಟ್ ಬಿಟ್ಟು ಅದಕ್ಕೆಷ್ಟು ತಡೆ ಇದೆ ಅಂತ ಅಳೆದು ನೀರು ಹುಡುಕೋ ರೆಸಿಸ್ಟಿವಿಟಿ ಸರ್ವೇನೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಒಣ ನೆಲಕ್ಕೆ ಕಂಬಿ ಹೊಡೆದು ಉಪ್ಪುನೀರು ಸುರಿಯದಿದ್ದರೆ ಕರೆಂಟ್ ಸರಿಯಾಗಿ ಇಳಿಯಲ್ಲ, ತಂತಿಬೇಲಿ ಪಕ್ಕ ರೀಡಿಂಗ್ ಕೆಡುತ್ತೆ, ಜೇಡಿ ಪದರ ನೀರಿನ ಹಾಗೇ ಕಾಣುತ್ತೆ. ಕಾಣೋ ಆಳವೂ ಹೊರಗಿನ ಎರಡು ಕಂಬಿಗಳ ಅಂತರದ ಸುಮಾರು ಕಾಲು ಭಾಗ ಅಷ್ಟೇ. 100 ಮೀಟರ್ ತಂತಿ ಎಳೆದು ‘800 ಅಡೀಲಿ ಎರಡು ಇಂಚು ನೀರು’ ಅಂದರೆ, ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಿ.